ಆ್ಯಪ್ ಪರದೆಗೆ ಪೇಟೆಂಟ್: ಮಾಡಬೇಕಾದ್ದು, ಮಾಡಬಾರದ್ದು

ವಿಜಯಪುರದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿಗೆ ಪಂಪ್ ಆ್ಯಪ್ ಮಾಡಿಕೊಡುವವರಿಗೆ ಈ ಸೂಚನೆ.

ಪೇಟೆಂಟ್ ಅರ್ಜಿಯಲ್ಲಿ ಇಂಥದೊಂದು ಕ್ಲೇಮು (ಹಕ್ಕುಕೋರಿಕೆ) ಇದೆ ಅಂದುಕೊಳ್ಳಿ: ಕಿಸೆಯಲ್ಲಿರುವ ಫೋನಿಗೆ ಕೈ ತಾಗಿ ಬೋರ್‌ವೆಲ್ ಮೋಟಾರ್ ಚಾಲೂ ಆಗಬಾರದು, ಪರದೆಯ ಗುಂಡಿಯನ್ನು ಎಡದಿಂದ ಬಲಕ್ಕೆ ಜಾರಿಸಿದರೆ ಮಾತ್ರ ಆಗಬೇಕು. ಇದು ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದೇ?

ಮಾಡಬೇಕಾದ್ದು

ಮೊದಲು ತಾರೀಕು ಬರೆದುಕೊಳ್ಳಿ. ಅರ್ಜಿಯ ಆದ್ಯತಾ ದಿನಾಂಕಕ್ಕೆ (ಮೊದಲ ಅರ್ಜಿ ಸಲ್ಲಿಸಿದ ದಿನಕ್ಕೆ) ಮುಂಚೆ ಏನಿತ್ತೋ ಅಷ್ಟೇ ಲೆಕ್ಕಕ್ಕೆ ಬರುತ್ತದೆ.

ಶೀರ್ಷಿಕೆ, ಚಿತ್ರ ಬಿಟ್ಟು ಕ್ಲೇಮಿನ ಒಂದೊಂದು ಮಾತನ್ನೂ ಬಿಡಿಸಿ ಓದಿ. ಹಳೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗುರುತಿಸಿ. ಆ ವ್ಯತ್ಯಾಸ ಅಂದಿನ ಸಾಧಾರಣ ಆ್ಯಪ್ ತಯಾರಕನಿಗೆ ಹೊಳೆಯುತ್ತಿತ್ತೇ ಎಂದು ಕೇಳಿ. ಮಹಾ ಜಾಣನಿಗಲ್ಲ, ತೋಟದ ಮಾಲೀಕರಿಗೂ ಅಲ್ಲ.

ಎರಡು ಹಳೆಯ ವಸ್ತುಗಳನ್ನು ಜೋಡಿಸಿ ವಾದಿಸುವಿರಾದರೆ, ಜೋಡಿಸಲು ಆ ತಯಾರಕನಿಗೆ ಕಾರಣವೇನಿತ್ತು ಎಂಬುದನ್ನೂ ತೋರಿಸಿ. ಆ್ಯಪಲ್‌ನ 'ಜಾರಿಸಿ ಬೀಗ ತೆರೆ' ಪೇಟೆಂಟಿನ ವ್ಯಾಜ್ಯ ತಿರುಗಿದ್ದು ಇದೇ ಪ್ರಶ್ನೆಯ ಸುತ್ತ. ಸ್ವೀಡನ್ನಿನ ನಿಯೋನೋಡ್ ಫೋನಿನಲ್ಲಿ ಬೆರಳು ಜಾರಿಸಿ ಬೀಗ ತೆರೆಯುವುದು ಮೊದಲೇ ಇತ್ತು. ಬೆರಳಿನ ಜೊತೆ ಸರಿಯುವ ಚಿತ್ರ ಇರಲಿಲ್ಲ. ಆ ಚಿತ್ರ ಸೇರಿಸುವುದರಲ್ಲಿ ಹೆಚ್ಚುಗಾರಿಕೆ ಇಲ್ಲವೆಂದು 2012ರಲ್ಲಿ ಲಂಡನ್ನಿನ ಹೈಕೋರ್ಟ್, 2015ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿದವು. 2016ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ತದ್ವಿರುದ್ಧ ಹೇಳಿತು: ಇನ್ನೊಂದು ಹಳೆಯ ವಸ್ತುವಾದ, ಗೋಡೆಗೆ ತೂಗುಹಾಕುವ ಟಚ್ ಸ್ವಿಚ್ಚಿನ ಜಾರುಗುಂಡಿಯನ್ನು ಕಿಸೆಯ ಫೋನಿಗೆ ತರಲು ಕಾರಣವಿಲ್ಲ ಎಂಬ ಜ್ಯೂರಿಯ ತೀರ್ಮಾನ ನಿಲ್ಲುತ್ತದೆಂದು. ಐಫೋನ್ ಅನಾವರಣದ ದಿನ ಸಭೆ ಚಪ್ಪಾಳೆ ತಟ್ಟಿದ್ದ ವಿಡಿಯೋ ಕೂಡ ಅಲ್ಲಿ ಸಾಕ್ಷ್ಯವಾಗಿತ್ತು! ನನಗೆ ಲಂಡನ್ನಿನ ದಾರಿಯೇ ಸರಿ ಕಾಣುತ್ತದೆ. ನಮ್ಮ ಪಂಪ್ ಕ್ಲೇಮಿನಲ್ಲಂತೂ ಹೊಸದಾಗಿ ಬಂದಿರುವುದು ಪಂಪ್ ಒಂದೇ, ಅದು ನಿಲ್ಲುವುದಿಲ್ಲ.

ಮಾಡಬಾರದ್ದು

'ಇಷ್ಟೇನಾ? ನಮ್ಮ ಹುಡುಗನೂ ಮಾಡ್ತಿದ್ದ' ಎನ್ನಬೇಡಿ. ಉತ್ತರ ನೋಡಿದ ಮೇಲೆ ಎಲ್ಲ ಲೆಕ್ಕವೂ ಸುಲಭ. 2015ರ ರೋಶ್–ಸಿಪ್ಲಾ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಹಾಕಿಕೊಟ್ಟ ಐದು ಹಂತಗಳ ಪರೀಕ್ಷೆಯೂ ಹಿಂತಿರುಗಿ ನೋಡುವ ಈ ಚಟ ಬೇಡವೆನ್ನುತ್ತದೆ.

'ಮೊದಲು ಯಾರೂ ಮಾಡಿಲ್ಲ' ಎಂದು ಹಿಗ್ಗಬೇಡಿ. ಹೊಸತನ ಬೇರೆ, ಆವಿಷ್ಕಾರದ ಹೆಜ್ಜೆ (ಸಹಜವಾಗಿ ಹೊಳೆಯದಿರುವುದು) ಬೇರೆ. ಬರೀ ವರ್ಕ್‌ಶಾಪ್ ಸುಧಾರಣೆ ಸಾಲದೆಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ.

ಪೇಟೆಂಟ್ ಕಾಯ್ದೆಯ ಕಲಂ 3(ಕೆ)ಯನ್ನು ಈ ಹೊಳೆಯುವ ಪ್ರಶ್ನೆಯಲ್ಲಿ ಕಲಸಬೇಡಿ. ಬರೀ ಕಂಪ್ಯೂಟರ್ ಪ್ರೋಗ್ರಾಂ ಎಂಬ ತಕರಾರು ಬೇರೆಯೇ.

ಅರ್ಜಿ ಹಾಕುವ ಮುನ್ನ ಕಾಲೇಜಿನ ಪ್ರದರ್ಶನದಲ್ಲಿಡಬೇಡಿ, ಯೂಟ್ಯೂಬಿಗೂ ಹಾಕಬೇಡಿ.

ಬೇರೆಯವರ ಇಂಥ ಕ್ಲೇಮು ಕಂಡರೆ ಗೊಣಗುತ್ತ ಕೂಡಬೇಡಿ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮುನ್ನ, ಕಲಂ 25(1)ರಡಿ ಯಾರು ಬೇಕಾದರೂ ಬರಹದಲ್ಲಿ ವಿರೋಧಿಸಬಹುದು. ಅರ್ಜಿ ಕರ್ನಾಟಕದವರದಾದರೆ ಚೆನ್ನೈ ಪೇಟೆಂಟ್ ಕಚೇರಿ. ಹಳೆಯ ಆ್ಯಪಿನ ಸ್ಕ್ರೀನ್‌ಶಾಟಿನಲ್ಲಿ ತಾರೀಕು ಕಾಣುವಂತಿರಲಿ.