ಮಗನ ಸಂಬಳ, ಅಪ್ಪನ ಷೇರು

2026ರ ಫೆಬ್ರವರಿ 4, ಬುಧವಾರ. ನಿಫ್ಟಿ ಐಟಿ ಸೂಚ್ಯಂಕ ಒಂದೇ ದಿನದಲ್ಲಿ ಶೇ 6ರ ಹತ್ತಿರ ಕುಸಿಯಿತು. ಇನ್ಫೊಸಿಸ್, ಟಿಸಿಎಸ್ ಅದಕ್ಕಿಂತ ಹೆಚ್ಚೇ ಜಾರಿದವು. ಹಾಗೆಂದು ಅಂದು ಇವು ನಷ್ಟವನ್ನೇನೂ ಘೋಷಿಸಿರಲಿಲ್ಲ. ಅಮೆರಿಕದ ಆಂಥ್ರೋಪಿಕ್ ಕಂಪನಿ ತನ್ನ ಎಐ ಸಹಾಯಕ ಕ್ಲಾಡ್‌ಗೆ ಕಾನೂನು ಕಡತ ಪರಿಶೀಲನೆಯಂಥ ಕಚೇರಿ ಕೆಲಸ ಮಾಡುವ ಹೊಸ ಪ್ಲಗಿನ್‌ಗಳನ್ನು ಬಿಟ್ಟಿತ್ತು, ಅಷ್ಟೇ. ಹಿಂದಿನ ದಿನ ಅಲ್ಲಿ ಸಾಫ್ಟ್‌ವೇರ್ ಷೇರುಗಳು ಬಿದ್ದವು, ಬೆಳಗಾದ ಮೇಲೆ ಇಲ್ಲಿ.

ಸಂಜೆ ಹೊತ್ತಿಗೆ ತುಮಕೂರಿನಲ್ಲಿ ಈ ಅಂಕಣಕಾರನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಬಹುಪಾಲು ಮಂದಿ ಕೇಳಿದ್ದು ಮಾರೋದಾ, ಇಟ್ಕೊಳ್ಳೋದಾ ಎಂದು. ಗುಬ್ಬಿ ಕಡೆಯ ತೆಂಗು ಬೆಳೆಗಾರರೊಬ್ಬರ ಪ್ರಶ್ನೆ ಮಾತ್ರ ಬೇರೆ: "ಸ್ವಾಮಿ, ನಮ್ ಹುಡ್ಗನ ಕಂಪ್ನಿ ಷೇರು ಬಿತ್ತಂತಲ್ಲ, ಅವನ ಕೆಲ್ಸಕ್ಕೇನಾದ್ರೂ ಆಯ್ತದಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಈ ಸೀಮೆಯಲ್ಲಿ ಷೇರು ಬೇರೆ, ಸಂಬಳ ಬೇರೆ ಎಂಬ ಲೆಕ್ಕ ನಡೆಯುವುದಿಲ್ಲ. 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಿಂದ ಹೊರಬಂದ ಹುಡುಗ ಹುಡುಗಿಯರಿಗೆ 70 ಕಿಲೊಮೀಟರ್ ದೂರದ ಬೆಂಗಳೂರೇ ಕಾರ್ಖಾನೆ. ಅಲ್ಲಿಯ ಸಂಬಳದಿಂದ ತುಮಕೂರಿನ ಸೈಟಿನ ಕಂತು ಹೋಗುತ್ತದೆ, ಊರಲ್ಲಿ ಬೋರ್‌ವೆಲ್ ಕೊರೆಸಲಾಗುತ್ತದೆ. ಉಳಿದ ಹಣವನ್ನು ಅಪ್ಪನ ಹೆಸರಿನ ಡಿಮ್ಯಾಟ್ ಖಾತೆಗೆ ಹಾಕಿ, 'ಗೊತ್ತಿರೋ ಕಂಪ್ನಿ' ಎಂದು ಅದೇ ಕಂಪನಿಯ ಷೇರು ಕೊಳ್ಳುತ್ತಾರೆ.

ಕುಣಿಗಲ್ಲಿನ ನಿವೃತ್ತ ಮೇಷ್ಟ್ರೊಬ್ಬರದು ಇನ್ನೂ ಗಟ್ಟಿ ಕಥೆ. ಮಗಳು, ಅಳಿಯ ಇಬ್ಬರೂ ಸಾಫ್ಟ್‌ವೇರ್. ಮೇಷ್ಟ್ರ ಎಸ್‌ಐಪಿ ಐಟಿ ಸೆಕ್ಟರ್ ಫಂಡ್‌ನಲ್ಲಿ. "ಇಂಡೆಕ್ಸ್ ಫಂಡೂ ಇದೆ ಸಾರ್, ಅದು ಸೇಫು" ಎಂದರು. ಆದರೆ ನಿಫ್ಟಿ 50ರಲ್ಲಿಯೂ ಆಗ ಐಟಿಯ ತೂಕ ಶೇ 10ರ ಆಸುಪಾಸು ಇತ್ತು. ಮಗಳ ಪಿಎಫ್ ಹಣದಲ್ಲಿಯೂ ಒಂದು ಪಾಲನ್ನು 2015ರಿಂದ ಇಪಿಎಫ್ಒ ಸೂಚ್ಯಂಕದ ಇಟಿಎಫ್‌ಗಳಿಗೆ ಹಾಕುತ್ತ ಬಂದಿದೆ. ಒಂದೇ ಮನೆಗೆ ಐಟಿ ಎಷ್ಟು ಬಾಗಿಲಿಂದ ಬಂದಿದೆ ಎಂದು ಅವರೊಂದಿಗೆ ಕೂತು ಎಣಿಸಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಭಯಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಐಟಿ ಕಂಪನಿಗಳು ದಶಕಗಳಿಂದ ಮಾರುತ್ತ ಬಂದಿರುವುದು ಬಹುಮಟ್ಟಿಗೆ ಮನುಷ್ಯರ ಗಂಟೆಗಳನ್ನು: ಇಷ್ಟು ಎಂಜಿನಿಯರುಗಳು, ಇಷ್ಟು ತಿಂಗಳು, ಇಷ್ಟು ಡಾಲರು. ಹತ್ತು ಜನ ಬರೆಯುತ್ತಿದ್ದ ಕೋಡನ್ನು ಎಐ ನೆರವಿನಿಂದ ಆರು ಜನ ಬರೆದರೆ ಗ್ರಾಹಕ ಹತ್ತು ಜನರ ಬಿಲ್ಲು ಕಟ್ಟುವನೇ? ಹಳೆಯ ವ್ಯವಸ್ಥೆಗಳಿಗೆ ಎಐ ಜೋಡಿಸಿಕೊಡುವ ಹೊಸ ಕೆಲಸವೂ ಇವರಿಗೇ ಬರುತ್ತದೆ ಎಂಬುದು ಎದುರುವಾದ. ಕಳೆದುಕೊಳ್ಳುವುದು ಹೆಚ್ಚೋ ಗಳಿಸುವುದು ಹೆಚ್ಚೋ ಎಂದು ಯಾರೂ ಖಚಿತವಾಗಿ ಅಳೆದಿಲ್ಲ. ಪೇಟೆಗೆ ಕೆಟ್ಟ ಸುದ್ದಿಗಿಂತಲೂ ಅಳತೆಗೆ ಸಿಗದ ಸುದ್ದಿ ಕಂಡರೆ ಹೆಚ್ಚು ದಿಗಿಲು.

ಆ ದಿಗಿಲನ್ನು ಅಂಕಿಯಲ್ಲೇ ನೋಡಬಹುದು. ಇನ್ಫೊಸಿಸ್ 2024-25ರಲ್ಲಿ ಷೇರೊಂದಕ್ಕೆ ಗಳಿಸಿದ್ದು ಸುಮಾರು 64 ರೂಪಾಯಿ, ಹಿಂದಿನ ವರ್ಷ ಸುಮಾರು 63. ಅಂದರೆ ಲಾಭ ಕುಸಿದಿರಲಿಲ್ಲ. ಷೇರು ಮಾತ್ರ 2024ರ ಡಿಸೆಂಬರ್‌ನಲ್ಲಿ 2,000 ಮುಟ್ಟಿದ್ದು, 2025ರ ಸೆಪ್ಟೆಂಬರ್ ಹೊತ್ತಿಗೆ 1,500ರ ಸುತ್ತ ಇತ್ತು. ಒಂದು ರೂಪಾಯಿ ಗಳಿಕೆಗೆ 31 ರೂಪಾಯಿ ಕೊಡುತ್ತಿದ್ದ ಹೂಡಿಕೆದಾರ 23-24ಕ್ಕೆ ಇಳಿದಿದ್ದ. ಇದೆಲ್ಲ ಎಐ ಒಂದರದ್ದೇ ಕೆಲಸವಲ್ಲ. ಅಮೆರಿಕದ ಸುಂಕದ ಗದ್ದಲ, ಸೆಪ್ಟೆಂಬರ್‌ನಲ್ಲಿ ಘೋಷಣೆಯಾದ 1 ಲಕ್ಷ ಡಾಲರಿನ ಎಚ್-1ಬಿ ವೀಸಾ ಶುಲ್ಕ ಕೂಡ ಸೇರಿಕೊಂಡವು. ಈಗೀಗ ಏನು ಬಿದ್ದರೂ ಎಐ ತಲೆಗೆ ಕಟ್ಟುವುದು ರೂಢಿಯಾಗಿದೆ. 2013ರ ಏಪ್ರಿಲ್ 12ರಂದು ಇದೇ ಷೇರು ಒಂದೇ ದಿನ ಶೇ 21ರಷ್ಟು ಬಿದ್ದಾಗ ಚಾಟ್‌ಜಿಪಿಟಿ ಹುಟ್ಟಿರಲಿಲ್ಲ.

ಷೇರಿನ ಬೆಲೆ ಬೇರೆ, ಕಂಪನಿಯ ಗಳಿಕೆ ಬೇರೆ ಎಂಬುದನ್ನು ಗುಬ್ಬಿಯ ಬೆಳೆಗಾರರಿಗೆ ಬಿಡಿಸಿ ಹೇಳಲು ತಿಪಟೂರು ಮಾರುಕಟ್ಟೆ ಸಾಕಾಯಿತು. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿ 8,000 ರೂಪಾಯಿ ಆಸುಪಾಸಿಗೆ ಇಳಿದಿತ್ತು, 2025ರಲ್ಲಿ 25,000 ದಾಟಿತು. ಬೆಲೆಯೇ ಇಳುವರಿಯಲ್ಲ ಎಂದು ಅವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಕೊಬ್ಬರಿಗೆ 2023ರಲ್ಲಿ 11,750 ರೂಪಾಯಿ ಬೆಂಬಲ ಬೆಲೆ ಇತ್ತು, ನಾಫೆಡ್ ಖರೀದಿಗೆ ಹೋರಾಡಲು ಅವಕಾಶವಿತ್ತು. ಷೇರಿಗೆ ಅಂಥ ಬೆಂಬಲ ಬೆಲೆ ಇಲ್ಲ.

ಇರುವಂತೆ ಒಮ್ಮೆ ಕಂಡದ್ದುಂಟು. ಇನ್ಫೊಸಿಸ್ 2025ರ ಸೆಪ್ಟೆಂಬರ್‌ನಲ್ಲಿ ಷೇರಿಗೆ 1,800ರಂತೆ 18,000 ಕೋಟಿ ರೂಪಾಯಿ ಮೊತ್ತದ ಮರುಖರೀದಿ ಪ್ರಕಟಿಸಿತು. ನಾರಾಯಣಮೂರ್ತಿ, ನಂದನ್ ನಿಲೇಕಣಿ ಸೇರಿ ಪ್ರವರ್ತಕರು ತಮ್ಮ ಷೇರು ಒಪ್ಪಿಸಲಿಲ್ಲ. ಈ ಅಂಕಣಕಾರನ ಬಳಿಯೂ ಆ ಕಂಪನಿಯ ಷೇರುಗಳಿವೆ, ಓದುಗರಿಗೆ ಅದು ಗೊತ್ತಿರಲಿ. ಅವನು ತನ್ನ ಪಾಲಿನಷ್ಟನ್ನು ಒಪ್ಪಿಸಿದ. ಎರಡು ಲಕ್ಷ ರೂಪಾಯಿಯೊಳಗಿನ ಷೇರುಗಳಿದ್ದ ಸಣ್ಣ ಷೇರುದಾರರಿಗೆ 11 ಷೇರಿಗೆ 2 ಒಪ್ಪಿಸುವ ಅರ್ಹತೆ. ಕೈಗೆ ಬಂದ ಅಷ್ಟೂ ಹಣ ಆಗಿನ ನಿಯಮದಂತೆ ಲಾಭಾಂಶವೆಂದೇ ತೆರಿಗೆಗೆ ಒಳಪಡುತ್ತಿತ್ತು. ಕೊಂಡ ಬೆಲೆ ಬಂಡವಾಳ ನಷ್ಟದ ಖಾತೆಗೆ ಹೋಗುತ್ತಿತ್ತು, ಅದನ್ನು ಎಂಟು ವರ್ಷದೊಳಗೆ ಬೇರೆ ಬಂಡವಾಳ ಲಾಭಕ್ಕೆ ವಜಾ ಹಾಕಿಕೊಳ್ಳಬಹುದಿತ್ತು. 1,800 ಎಂಬ ಅಂಕಿ ಕಂಡಷ್ಟು ರುಚಿ ಬ್ಯಾಂಕ್ ಖಾತೆಯಲ್ಲಿ ಇರಲಿಲ್ಲ, ಅದರಲ್ಲೂ ಶೇ 30ರ ತೆರಿಗೆ ಹಂತದವರಿಗೆ.

ಹುಡುಗನ ಕೆಲಸದ ಪ್ರಶ್ನೆ ಹಾಗೇ ಇದೆ. ಟಿಸಿಎಸ್ 2025ರ ಜುಲೈನಲ್ಲಿ 12,000ಕ್ಕೂ ಹೆಚ್ಚು ಹುದ್ದೆ, ಅಂದರೆ ತನ್ನ ಸಿಬ್ಬಂದಿಯ ಶೇ 2ರಷ್ಟು, ಕಡಿಮೆ ಮಾಡುವುದಾಗಿ ಹೇಳಿತು. ಎಐ ಇದಕ್ಕೆ ಕಾರಣವಲ್ಲ, ಕೌಶಲದ ಹೊಂದಾಣಿಕೆಯ ಸಮಸ್ಯೆ ಎಂದರು ಅದರ ಮುಖ್ಯಸ್ಥ ಕೆ. ಕೃತಿವಾಸನ್. ಪಟ್ಟಿಯಲ್ಲಿ ಇದ್ದವರು ಬಹುಪಾಲು ಮಧ್ಯಮ ಮತ್ತು ಮೇಲಿನ ಹಂತದವರು. ಗೃಹಸಾಲ ಅತಿ ಭಾರವಾಗಿರುವ ವಯಸ್ಸಿನವರೂ ಅವರೇ.

ಆದ್ದರಿಂದ ಐಟಿ ಷೇರು ಏರುವುದೋ ಇಳಿಯುವುದೋ ಎಂಬ ಜ್ಯೋತಿಷ್ಯಕ್ಕೆ ಈ ಅಂಕಣ ಹೋಗುವುದಿಲ್ಲ. ಮನೆಯ ಸಂಬಳ ಐಟಿಯಿಂದ ಬರುತ್ತಿದ್ದರೆ ಐಟಿ ಸೆಕ್ಟರ್ ಫಂಡ್‌ನ ಎಸ್‌ಐಪಿ ನಿಲ್ಲಿಸಿ. ಆರು ತಿಂಗಳ ಕಂತು, ಮನೆಖರ್ಚಿನಷ್ಟನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನ ಎಫ್‌ಡಿಯಲ್ಲೋ ಬೇರೆ ಇಡಿ. ಈಗಾಗಲೇ ಇರುವ ಷೇರನ್ನು ಒಂದು ದಿನದ ಕುಸಿತ ನೋಡಿ ಮಾರಬೇಡಿ. ಏಪ್ರಿಲ್‌ನಲ್ಲಿ ವಾರ್ಷಿಕ ಫಲಿತಾಂಶ ಬಂದಾಗ ಆದಾಯ ಬೆಳೆಯಿತೇ, ಮುಂದಿನ ವರ್ಷಕ್ಕೆ ಕಂಪನಿ ಕೊಟ್ಟ ಅಂದಾಜು ಏನು, ಲಾಭದ ಪ್ರಮಾಣ ಉಳಿಯಿತೇ ಎಂದು ನೋಡಿ, ಆಮೇಲೆ ತೀರ್ಮಾನಿಸಿ.