ಹತ್ತಿಯ ಬೀಜವೂ ಪೇಟೆಂಟ್ ಕಾಯಿದೆಯೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎರೆಹೊಲಗಳಲ್ಲಿ ಬೆಳೆದ ಹತ್ತಿಯಿಂದ ನಮ್ಮ ಅನೇಕ ವಿದ್ಯಾರ್ಥಿನಿಯರ ಶಾಲಾ ಶುಲ್ಕವು ಸಂದಾಯವಾಗಿದೆ. ಆದುದರಿಂದ ಈ ಪಾಠವನ್ನು ಹತ್ತಿಯಿಂದಲೇ ಆರಂಭಿಸುವೆವು.

ಪೇಟೆಂಟ್ ಎಂದರೇನು? ಹೊಸದೊಂದನ್ನು ಕಂಡುಹಿಡಿದವರು ಅದರ ಗುಟ್ಟನ್ನು ಲೋಕಕ್ಕೆ ತಿಳಿಸಬೇಕು. ಪ್ರತಿಯಾಗಿ, ಅನ್ಯರು ಅಪ್ಪಣೆಯಿಲ್ಲದೆ ಅದನ್ನು ಮಾಡದಂತೆಯೂ ಮಾರದಂತೆಯೂ ತಡೆಯುವ ಹಕ್ಕನ್ನು ಸರಕಾರವು ಅವರಿಗೆ ಕೆಲಕಾಲ ಕೊಡುವುದು. ನಮ್ಮಲ್ಲಿ ಈಗ ಆ ಅವಧಿಯು 20 ವರ್ಷ. ಬಳಿಕ ಅದು ಸರ್ವರ ಸೊತ್ತು.

ಹತ್ತಿಯಿಂದ ಕಾಳನ್ನು ಬೇರ್ಪಡಿಸುವ ಯಂತ್ರಕ್ಕೆ ಅಮೇರಿಕದ ಎಲಿ ವಿಟ್ನಿಯು 1794ರಲ್ಲಿ ಪೇಟೆಂಟ್ ಪಡೆದನು. ಯಂತ್ರವು ಸರಳವಾದುದರಿಂದ ಎಲ್ಲೆಡೆ ಅದರ ನಕಲುಗಳು ಹುಟ್ಟಿದವು. ಕಾಯಿದೆಯ ಮಾತುಗಳಲ್ಲಿದ್ದ ಕುಂದಿನಿಂದ ಅವನು ವ್ಯಾಜ್ಯದಲ್ಲಿ ಸೋತನು. 1800ರಲ್ಲಿ ಆ ಕುಂದನ್ನು ತಿದ್ದಿದರಾದರೂ ಅಷ್ಟರಲ್ಲಿ ಅಮೂಲ್ಯ ವರ್ಷಗಳು ಕಳೆದಿದ್ದವು.

ನಮ್ಮ ದೇಶದ ಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಗಿಡಕ್ಕೂ ಬೀಜಕ್ಕೂ ಪೇಟೆಂಟ್ ಇಲ್ಲವೆಂಬುದು ನಮ್ಮ ಕಾಯಿದೆಯ ನಿಯಮ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಮಣ್ಣಿನ ಸೂಕ್ಷ್ಮಜೀವಿಯೊಂದರ ಜೀನನ್ನು ಅದರಲ್ಲಿ ಸೇರಿಸಿರುವುದರಿಂದ ಗಿಡವನ್ನು ತಿಂದ ಕಾಯಿಕೊರಕ ಹುಳುವು ಸಾಯುವುದು. ಹಾಗಾದರೆ ಆ ಜೀನು ಮನುಷ್ಯನ ರಚನೆಯೋ, ಬೀಜದ ಭಾಗವೋ? 2018ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಮೊನ್ಸಾಂಟೊ ಕಂಪನಿಯ ಪೇಟೆಂಟು ಅಸಿಂಧುವೆಂದಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿ ಮೊಕದ್ದಮೆಯನ್ನು ವಿಚಾರಣೆಗೆ ಮರಳಿ ಕಳುಹಿಸಿತು. 2021ರಲ್ಲಿ ಉಭಯ ಪಕ್ಷದವರೂ ರಾಜಿಯಾದರು. ಪ್ರಶ್ನೆಯು ಮಾತ್ರ ಹಾಗೆಯೇ ಉಳಿಯಿತು.

2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಕೂಡಿಟ್ಟು ಬಿತ್ತುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಜಯಧರದಂಥ ಹತ್ತಿಯ ಕಾಳನ್ನು ನಮ್ಮ ಹಿರಿಯರು ಹಾಗೆಯೇ ಬಿತ್ತುತ್ತಿದ್ದರು. ಆದರೆ ನಮ್ಮಲ್ಲಿ ಬಿಟಿ ಹತ್ತಿಯು ಬಹುತೇಕ ಸಂಕರ ಬೀಜವಾಗಿಯೇ ಮಾರಾಟವಾಗುತ್ತದೆ. ಅದನ್ನು ಕೂಡಿಟ್ಟು ಬಿತ್ತಿದರೆ ಮೊದಲಿನ ಫಸಲು ಬಾರದು. ಹೀಗಾಗಿ ಹಕ್ಕಿದ್ದರೂ ಒಕ್ಕಲಿಗನು ವರುಷವರುಷವೂ ಅಂಗಡಿಗೇ ಹೋಗಬೇಕಾಗಿದೆ.

ಪೇಟೆಂಟನ್ನೇ ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಪ್ರತಿಫಲವಿಲ್ಲದಿದ್ದರೆ ಶೋಧನೆಗೆ ಹಣ ಹೂಡುವವರು ಯಾರು? ಆದರೆ ಜೀನಿನ ಹಕ್ಕು ಬೀಜದಲ್ಲಿ ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ಕಾಯಿದೆಯೇ ಸ್ಪಷ್ಟವಾಗಿ ಹೇಳಬೇಕು. ವ್ಯಾಜ್ಯಗಳು ಪೇಟೆಂಟಿನ ಅವಧಿ ತೀರುವ ಮೊದಲೇ ಇತ್ಯರ್ಥವಾಗಬೇಕು.

ಪಾಲಕರೇ, ಹಳೆಯ ವಿದ್ಯಾರ್ಥಿನಿಯರೇ, ಇದು ವಕೀಲರ ವಿಷಯವೆಂದು ದೂರವಿಡಬೇಡಿರಿ. ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಬಹುದು. ಅರ್ಜಿದಾರರಲ್ಲಿ ಸ್ತ್ರೀಯೊಬ್ಬಳಿದ್ದರೆ ಅರ್ಜಿಯ ಪರೀಕ್ಷೆಯನ್ನು ಶೀಘ್ರವಾಗಿ ಮಾಡಿಸಿಕೊಳ್ಳಲು 2019ರ ನಿಯಮಗಳು ಅವಕಾಶವಿತ್ತಿವೆ. ಈ ಬಾಗಿಲಲ್ಲಿ ನಮ್ಮ ಹುಡುಗಿಯರೂ ಪ್ರವೇಶಿಸಲೆಂಬುದೇ ನಮ್ಮ ಹಾರೈಕೆ.