ಹಾಸ್ಯವೂ ಅಪಹಾಸ್ಯವೂ

ವಿದ್ಯಾರ್ಥಿಗಳೇ, ಶಾಲೆಯೆಂಬುದು ಗಂಭೀರವಾದ ಸ್ಥಳ, ಅಲ್ಲಿ ನಗುವುದು ಅಶಿಸ್ತಿನ ಲಕ್ಷಣ ಎಂದು ತಿಳಿದವರು ಇಂದಿಗೂ ಉಂಟು. ನಾವು ಹಾಗೆ ತಿಳಿದವರಲ್ಲ. ನಗೆಯು ಶರೀರಕ್ಕೆ ಹಿತಕರವಾದುದು. ಮನುಷ್ಯರನ್ನು ಪರಸ್ಪರ ಬೆಸೆಯತಕ್ಕದ್ದು. ಆದರೆ ಎಲ್ಲ ನಗೆಯೂ ಒಂದೇ ಬಗೆಯದಲ್ಲ. ಆ ಭೇದವನ್ನರಿಯುವುದೇ ಈ ಪಾಠದ ಉದ್ದೇಶ.

ಮೊದಲು ಶರೀರದ ವಿಚಾರ. ಮನಸಾರೆ ನಗುವಾಗ ಹೊಟ್ಟೆಯ ಸ್ನಾಯುಗಳೂ ಪಕ್ಕೆಲುಬುಗಳ ಸ್ನಾಯುಗಳೂ ಮತ್ತೆ ಮತ್ತೆ ಸಂಕುಚಿಸಿ ಉಸಿರನ್ನು ಹೊರದೂಡುತ್ತವೆ. ಹೃದಯದ ಬಡಿತವು ಕೊಂಚ ಏರಿ, ನಗು ನಿಂತ ಬಳಿಕ ಇಳಿಯುತ್ತದೆ. ಬಿಗಿದ ಸ್ನಾಯುಗಳು ಸಡಿಲಗೊಂಡು ಮೈ ಹಗುರವಾಗುತ್ತದೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಅವರ ಸಂಗಡಿಗರ ಪ್ರಯೋಗಗಳು 2012ರಲ್ಲಿ ಪ್ರಕಟವಾದುವು. ಚೆನ್ನಾಗಿ ನಕ್ಕವರು ನೋವನ್ನು ಮೊದಲಿಗಿಂತ ಹೆಚ್ಚಾಗಿ ಸಹಿಸಬಲ್ಲರೆಂದು ಅವು ತೋರಿಸಿದುವು. ದೇಹವೇ ಉತ್ಪಾದಿಸುವ ಎಂಡಾರ್ಫಿನ್ ಎಂಬ ನೋವುಶಾಮಕವು ಇದಕ್ಕೆ ಕಾರಣವೆಂದು ಅವರ ಅಭಿಪ್ರಾಯ. ಆದರೂ ನಗೆಯು ಔಷಧಕ್ಕೆ ಸಂಗಾತಿಯೇ ಹೊರತು ಬದಲಿಯಲ್ಲ. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’ಯವರು, ಅಂದರೆ ಡಾ. ಎಂ. ಶಿವರಾಂ ಅವರು, ವೃತ್ತಿಯಿಂದ ವೈದ್ಯರೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಸ್ನೇಹದ ವಿಚಾರ. ಏಕಾಂತದಲ್ಲಿರುವುದಕ್ಕಿಂತ ಇತರರ ಸಂಗಡ ಇರುವಾಗ ಜನರು ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದು ಅಮೆರಿಕದ ರಾಬರ್ಟ್ ಪ್ರೊವೈನ್ ಕಂಡುಕೊಂಡರು. ಆದುದರಿಂದ ನಗೆಯು ಸಹವಾಸದ ಭಾಷೆ. ಆದರೆ ಭಾಷೆಯು ಬೆಸೆಯಲೂ ಬಲ್ಲುದು, ಇರಿಯಲೂ ಬಲ್ಲುದು. ಭರತನ ನಾಟ್ಯಶಾಸ್ತ್ರವು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದೆ. ಸಲ್ಲದ ಸ್ಥಳದಲ್ಲಿ ನಗುವುದು ಅಪಹಸಿತ. ಅದನ್ನು ಅಧಮರ ನಗೆಗಳಲ್ಲಿ ಎಣಿಸಿದೆ.

ಆ ತಪ್ಪನ್ನು ನಾವೂ ಒಮ್ಮೆ ಮಾಡಿದ್ದೇವೆ. ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಮಲಯಾಳ, ತುಳು, ಕೊಂಕಣಿ ಮನೆಮಾತಿನ ಮಕ್ಕಳೂ ಕನ್ನಡದಲ್ಲಿ ಕಲಿಯುತ್ತಾರಷ್ಟೆ. ಕೆಲವು ವರ್ಷಗಳ ಹಿಂದೆ, ಮಲಯಾಳ ಮನೆಮಾತಿನ ಬಾಲಕಿಯೊಬ್ಬಳು ತರಗತಿಯಲ್ಲಿ, ‘ಬೆಳಿಗ್ಗೆ ಪಾಲು ಕುಡಿದು ಬಂದೆ’ ಎಂದಳು. ‘ಯಾರ ಪಾಲು?’ ಎಂದನೊಬ್ಬ. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಆ ಬಳಿಕ ಒಂದು ವಾರ ಅವಳು ಬಾಯಿ ತೆರೆಯಲಿಲ್ಲ. ಹಾಜರಿ ಕರೆದಾಗಲೂ ಕೈಯೆತ್ತುತ್ತಿದ್ದಳೇ ಹೊರತು ಮಾತಿಲ್ಲ.

ನಮಗೆ ನಾಚಿಕೆಯಾಯಿತು. ಮರುವಾರ ಕರಿಹಲಗೆಯ ಮೇಲೆ ಪಾಲ್–ಹಾಲು, ಪುಲಿ–ಹುಲಿ ಎಂದು ಬರೆದೆವು. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಎಂದೇ ಹೆಸರು. ಕನ್ನಡವು ಬಿಟ್ಟ ಪಕಾರವನ್ನು ಇವಳ ಮನೆಮಾತು ಉಳಿಸಿಕೊಂಡಿದೆ. ನಕ್ಕ ನಾವೇ ಅಲ್ಪಜ್ಞರು ಎಂದು ಹೇಳಿದೆವು. ಅನಂತರ ‘ಮಳೆ’ಗೆ ಮಲಯಾಳದಲ್ಲಿ ಏನೆನ್ನುವರೆಂದು ಅವಳನ್ನು ಕೇಳಿ, ಅವಳಂತೆ ಉಚ್ಚರಿಸಲು ಹೋಗಿ ಮೂರು ಬಾರಿ ಸೋತೆವು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಲ್ಲರೂ ನಕ್ಕರು. ಅಂದಿನಿಂದ ಅವಳು ಮಾತನಾಡಿದಳು.

ಎರಡು ದಿನವೂ ತರಗತಿ ನಕ್ಕಿತು. ಮೊದಲ ದಿನ ಒಬ್ಬಳು ಮಾತ್ರ ನಗಲಿಲ್ಲ, ಭೇದವಿರುವುದು ಅಲ್ಲಿಯೇ. ನಗುವಾಗ ಸುತ್ತಲೂ ನೋಡಿರಿ. ಯಾರ ನಿಮಿತ್ತವಾಗಿ ನಗೆ ಹುಟ್ಟಿತೋ ಅವರೂ ನಗುತ್ತಿದ್ದರೆ ಅದು ಹಾಸ್ಯ. ಅವರು ತಲೆ ತಗ್ಗಿಸಿದ್ದರೆ ಅಪಹಾಸ್ಯ.

ತಂದೆತಾಯಿಗಳಲ್ಲಿಯೂ ನಮ್ಮದೊಂದು ವಿನಂತಿ. ರಾತ್ರಿ ಊಟಕ್ಕೆ ಮಕ್ಕಳೊಡನೆ ಕುಳಿತು, ನಿಮ್ಮ ಬಾಲ್ಯದ ಪೆದ್ದುತನಗಳನ್ನು ಹೇಳಿ ನಗಿಸಿರಿ. ಅವರ ತಪ್ಪುಗಳನ್ನು ಮಾತ್ರ ನೆಂಟರ ಮುಂದೆ ನಗೆಯ ವಿಷಯವಾಗಿಸದಿರಿ. ನಗೆಗೆ ಹೆದರಿದ ಮಗು ಕಲಿಯುವುದಿಲ್ಲ. ಕೂಡಿ ನಕ್ಕ ಮಗು ತಪ್ಪಲು ಹೆದರುವುದಿಲ್ಲ.